‘ನೀನು’, ‘ನೀವು’ ಮತ್ತು ಜರ್ಮನ್ ಭಾಷೆಯ ಮೊದಲ ಪಾಠ

ಕೃಷ್ಣಮೂರ್ತಿಪುರಂನ ಯಾವುದೇ ಅಡ್ಡರಸ್ತೆಯಲ್ಲಿ ಬೆಳಗಿನ ಏಳು ಗಂಟೆಗೆ ನಿಂತು ಕಿವಿಗೊಟ್ಟರೆ ಕನ್ನಡ ವ್ಯಾಕರಣದ ಒಂದು ಅಧ್ಯಾಯವೇ ಕೇಳಿಸುತ್ತದೆ. ಹೂವಿನವಳಿಗೆ ‘ಎರಡು ಮೊಳ ಕೊಡಮ್ಮ’. ಪುರೋಹಿತರಿಗೆ ‘ಬನ್ನಿ, ಒಳಗೆ ಬನ್ನಿ’. ಆಟೋದವನಿಗೆ ‘ಸ್ಟೇಷನ್‌ಗೆ ಬರ್ತೀಯೇನಪ್ಪ?’ ಪಕ್ಕದ ಮನೆಯ ನಿವೃತ್ತ ಮೇಷ್ಟರಿಗೆ ‘ವಾಕಿಂಗ್ ಮುಗೀತಾ ಸಾರ್?’ ಅಡುಗೆಮನೆಯಿಂದ ಗಂಡನಿಗೆ ‘ರೀ, ಕಾಫಿ ಆರಿಹೋಗ್ತಿದೆ’. ಗಂಡನಿಂದ ಹೆಂಡತಿಗೆ ‘ನೀನು ಕುಡಿದೆಯಾ?’ ದೇವರ ಮನೆಯಿಂದ ಅಜ್ಜಿಯ ದನಿ: ‘ನೀನೇ ಕಾಪಾಡಬೇಕಪ್ಪ’. ಅರ್ಧ ಗಂಟೆಯೊಳಗೆ ಹತ್ತಾರು ಸಲ ಏಕವಚನ ಬಹುವಚನಗಳ ತೀರ್ಮಾನ ಆಗಿಹೋಗುತ್ತದೆ. ತಾವು ಒಂದು ತೀರ್ಮಾನ ಮಾಡುತ್ತಿದ್ದೇವೆ ಎಂಬ ಅರಿವು ಯಾರಿಗೂ ಇರುವುದಿಲ್ಲ.

ಅಂಥ ಮನೆಯ ಮಗಳೋ ಮಗನೋ ಜರ್ಮನ್ ಕಲಿಯಲು ಕುಳಿತಾಗ ಆ ಅರಿವು ಮೊದಲ ವಾರದಲ್ಲೇ ಬರುತ್ತದೆ. ಈಗ ಹೀಗೆ ಕುಳಿತುಕೊಳ್ಳುವವರು ಕಡಿಮೆಯೇನಿಲ್ಲ. 2023–24ರ ಚಳಿಗಾಲದ ಅವಧಿಯಲ್ಲಿ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಸುಮಾರು 49 ಸಾವಿರ ಭಾರತೀಯ ವಿದ್ಯಾರ್ಥಿಗಳಿದ್ದರು. ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಅತಿ ದೊಡ್ಡ ಗುಂಪು ಅದೇ. ಅಲ್ಲಿರುವ ಗಂಡನನ್ನೋ ಹೆಂಡತಿಯನ್ನೋ ಸೇರಿಕೊಳ್ಳಲು ಹೊರಡುವವರಲ್ಲಿ ಅನೇಕರು ಪ್ರಾಥಮಿಕ ಮಟ್ಟದ ಜರ್ಮನ್ ಬರುತ್ತದೆಂದು ತೋರಿಸಬೇಕೆಂಬ ನಿಯಮ 2007ರಲ್ಲಿ ಬಂತು. ಈ ಪ್ರಾಥಮಿಕ ಪಾಠದ ಮೊದಲ ಪುಟಗಳಲ್ಲೇ ಕಾದು ಕುಳಿತಿರುವುದು ‘ನಿಮ್ಮ ಹೆಸರೇನು?’ ಎಂಬ ಪ್ರಶ್ನೆ. ಅದನ್ನು ಕೇಳಬೇಕಾದರೆ ಎದುರಿಗಿರುವವರು ‘ನೀನು’ ಆಗಬೇಕೋ ‘ನೀವು’ ಆಗಬೇಕೋ ಎಂಬುದು ಮೊದಲು ಇತ್ಯರ್ಥವಾಗಬೇಕು.

ಇಂಗ್ಲಿಷ್ ಮಾತ್ರ ಬಲ್ಲವನಿಗೆ ಇದು ದೊಡ್ಡ ತಲೆನೋವು. ಅವನಿಗೆ ದೇವರಿಂದ ನಾಯಿಯವರೆಗೆ ಎಲ್ಲರೂ ‘ಯೂ’. ಇಂಗ್ಲಿಷಿನಲ್ಲೂ ಒಂದು ಕಾಲಕ್ಕೆ ‘ದೌ’ ಎಂಬ ಏಕವಚನವಿತ್ತು. 1603ರಲ್ಲಿ ಸರ್ ವಾಲ್ಟರ್ ರ‍್ಯಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಸರ್ಕಾರದ ವಕೀಲ ಎಡ್ವರ್ಡ್ ಕೋಕ್ ತುಂಬಿದ ನ್ಯಾಯಾಲಯದಲ್ಲಿ ಬೇಕೆಂದೇ ರ‍್ಯಾಲಿಯನ್ನು ‘ದೌ’ ಎಂದು ಕರೆದು ಅವಮಾನಿಸಿದ. ಅದೇ ಶತಮಾನದಲ್ಲಿ ಕ್ವೇಕರ್ ಪಂಥದವರು, ದೇವರ ಮುಂದೆ ಎಲ್ಲರೂ ಸಮಾನರು ಎಂಬ ನಂಬಿಕೆಯಿಂದ ನ್ಯಾಯಾಧೀಶರನ್ನೂ ಸಾಹುಕಾರರನ್ನೂ ‘ದೌ’ ಎಂದೇ ಕರೆದು ಪೆಟ್ಟು ತಿಂದರು. ಕ್ರಮೇಣ ಆ ಪದವೇ ಬಳಕೆ ತಪ್ಪಿತು. ಎಲ್ಲರನ್ನೂ ಏಕವಚನಕ್ಕೆ ಇಳಿಸಲು ಹೊರಟವರು ಸೋತರು, ಎಲ್ಲರನ್ನೂ ಬಹುವಚನಕ್ಕೆ ಏರಿಸುವ ರೂಢಿ ಗೆದ್ದಿತು.

ಕನ್ನಡಿಗನಿಗೆ ಈ ಕಷ್ಟವಿಲ್ಲ ಎಂದು ಮೇಲುನೋಟಕ್ಕೆ ತೋರುತ್ತದೆ. ಜರ್ಮನ್‌ನ ‘ಡು’ ನಮ್ಮ ‘ನೀನು’. ‘ಜೀ’ ನಮ್ಮ ‘ನೀವು’. (ಹಿಂದಿಯ ಗೌರವಸೂಚಕ ‘ಜೀ’ಗೂ ಇದಕ್ಕೂ ಸಂಬಂಧವಿಲ್ಲ. ಆದರೆ ನೆನಪಿಟ್ಟುಕೊಳ್ಳಲು ಅನುಕೂಲ.) ಜರ್ಮನ್ನರಿಗೆ ‘ಡುಟ್ಸೆನ್’, ‘ಜೀಟ್ಸೆನ್’ ಎಂಬ ಎರಡು ಕ್ರಿಯಾಪದಗಳೇ ಇವೆ. ಏಕವಚನದಲ್ಲಿ ಮಾತನಾಡಿಸುವುದು, ಬಹುವಚನದಲ್ಲಿ ಮಾತನಾಡಿಸುವುದು ಎಂದು ಅವುಗಳ ಅರ್ಥ. ಇಂಗ್ಲಿಷಿನಲ್ಲಿ ಇವನ್ನು ವಿವರಿಸಲು ಒಂದು ಪ್ಯಾರಾ ಬೇಕಾಗುತ್ತದೆ. ಕನ್ನಡದಲ್ಲಿ ‘ಅವನು ಎಲ್ಲರನ್ನೂ ಹೋಗೋ ಬಾರೋ ಅಂತಾನೆ’ ಎಂದರೆ ಮುಗಿಯಿತು.

ಆದರೆ ಜರ್ಮನ್‌ನಲ್ಲಿ ಇರುವುದು ಎರಡಲ್ಲ, ಮೂರು ಪದ. ಕನ್ನಡಿಗನ ಮೊದಲ ತಪ್ಪು ಆಗುವುದು ಇಲ್ಲಿಯೇ. ನಮ್ಮ ‘ನೀವು’ ಎರಡು ಕೆಲಸ ಮಾಡುತ್ತದೆ. ಬ್ಯಾಂಕ್ ಮ್ಯಾನೇಜರ್ ಒಬ್ಬರೇ ಇದ್ದರೂ ‘ನೀವು’. ಗೋಲಿ ಆಡುತ್ತಿರುವ ಐದು ಹುಡುಗರೂ ‘ನೀವು’. ಜರ್ಮನ್ ಈ ಎರಡನ್ನು ಬೇರೆ ಮಾಡಿದೆ. ಸಲುಗೆಯವರು ಒಬ್ಬರಿದ್ದರೆ ‘ಡು’, ಅಂಥವರೇ ಹಲವರಿದ್ದರೆ ‘ಈರ್’. ಗೌರವಕ್ಕೆ, ಒಬ್ಬರಿರಲಿ ನೂರು ಜನರಿರಲಿ, ‘ಜೀ’. ಕ್ರಿಯಾಪದವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ: ‘ಡು ಕೊಮ್‌ಸ್ಟ್’, ‘ಈರ್ ಕೊಮ್ಟ್’, ‘ಜೀ ಕೊಮೆನ್’. ‘ಮಕ್ಕಳೇ, ನೀವು ಎಲ್ಲಿಗೆ ಹೋಗುತ್ತೀರಿ?’ ಎಂಬುದನ್ನು ಮನಸ್ಸಿನಲ್ಲೇ ಕನ್ನಡದಿಂದ ತಿರುಗಿಸಿ ‘ಜೀ’ ಹಾಕಿದರೆ, ಬೀದಿಯ ಹುಡುಗರನ್ನು ಜಿಲ್ಲಾಧಿಕಾರಿಗಳಂತೆ ಮಾತನಾಡಿಸಿದ ಹಾಗಾಗುತ್ತದೆ.

ಈ ವಿಷಯದಲ್ಲಿ ಮೈಸೂರಿನವರಿಗಿಂತ ಮಂಗಳೂರಿನವರಿಗೆ ಅನುಕೂಲ ಹೆಚ್ಚು. ತುಳುವಿನಲ್ಲಿ ‘ಈ’ ಎಂದರೆ ನೀನು, ‘ಈರ್’ ಎಂದರೆ ಗೌರವದ ನೀವು, ‘ನಿಕುಲು’ ಎಂದರೆ ಹಲವರಿಗೆ ಹೇಳುವ ನೀವು. ಜರ್ಮನ್‌ನಂತೆಯೇ ಮೂರು ಮನೆ. ಅದರಲ್ಲೂ ‘ಈರ್’ ಎಂಬ ಶಬ್ದ ಎರಡೂ ಭಾಷೆಗಳಲ್ಲಿ ಒಂದೇ ತರಹ ಕೇಳಿಸುತ್ತದೆ. ತುಳು ದ್ರಾವಿಡ ಭಾಷೆ, ಜರ್ಮನ್ ಇಂಡೋ-ಯುರೋಪಿಯನ್ ಭಾಷೆ. ಈ ಹೋಲಿಕೆ ಬರೀ ಆಕಸ್ಮಿಕ. ಆದರೂ ಅದನ್ನು ಕಿವಿಯಾರೆ ಕೇಳಿದ ಜರ್ಮನ್ನರು ಮಂಗಳೂರಿನಲ್ಲಿ ಇದ್ದರು.

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್‌ನ ಮೊದಲ ಪಾದ್ರಿಗಳು ಪಶ್ಚಿಮ ಕರಾವಳಿಗೆ ಬಂದದ್ದು 1834ರಲ್ಲಿ. ಎರಡು ವರ್ಷಗಳ ನಂತರ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ್ದು ಎಲ್ಲರಿಗೂ ತಿಳಿದ ಸಂಗತಿ. 1872ರಲ್ಲಿ ಬ್ರಿಗೆಲ್ ಅವರ ತುಳು ವ್ಯಾಕರಣವೂ, 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟೂ ಮಂಗಳೂರಿನಲ್ಲಿ ಅಚ್ಚಾದವು. ಫರ್ಡಿನಾಂಡ್ ಕಿಟೆಲ್ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದರು, 1894ರಲ್ಲಿ ಸುಮಾರು 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟರು, 1903ರಲ್ಲಿ ವ್ಯಾಕರಣವನ್ನೂ ಪ್ರಕಟಿಸಿ ಅದೇ ವರ್ಷ ತೀರಿಕೊಂಡರು. ಇಂದು ಮೈಸೂರಿನ ಹುಡುಗಿ ‘ಡು’, ‘ಜೀ’ಗಳ ನಡುವೆ ತಡವರಿಸುವಂತೆಯೇ, ಅಂದು ಇವರು ‘ನೀನು’, ‘ನೀವು’ಗಳನ್ನು ಪಾಠದಂತೆ ಕಲಿಯಬೇಕಾಗಿತ್ತು.

ಅವರಿಗೆ ತೊಡಕಾಗದೇ ಇದ್ದುದು ದೇವರ ವಿಷಯದಲ್ಲಿ. ಮಾರ್ಟಿನ್ ಲೂಥರ್‌ನ ಜರ್ಮನ್ ಬೈಬಲ್‌ನಲ್ಲಿ ದೇವರು ‘ಡು’. ಕನ್ನಡದ ವಚನಕಾರರಿಗೂ ಹರಿದಾಸರಿಗೂ ದೇವರು ‘ನೀನು’. ಮೋಗ್ಲಿಂಗ್ 1848 ಮತ್ತು 1853ರ ನಡುವೆ ಹೊರತಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಗ್ರಂಥಮಾಲೆಯಲ್ಲಿ ದಾಸರ ಪದಗಳೂ ಸೇರಿದ್ದವು. ಅವುಗಳಲ್ಲಿ ದೇವರನ್ನು ಏಕವಚನದಲ್ಲಿ ಗದರಿಸಿ, ಅಣಕಿಸಿ, ಮುದ್ದಿಸಿ ಮಾತನಾಡುವ ರೀತಿ ಒಬ್ಬ ಲೂಥರ್‌ಪಂಥಿ ಪಾದ್ರಿಗೆ ಅಷ್ಟೇನೂ ಹೊಸದಾಗಿ ಕಂಡಿರಲಾರದು. ಕನ್ನಡ ಬೈಬಲ್‌ನಲ್ಲೂ ಪ್ರಾರ್ಥಿಸುವವನಿಗೆ ದೇವರು ‘ನೀನು’. ದೇವರ ಬಗ್ಗೆ ಹೇಳುವಾಗ ಮಾತ್ರ ‘ಅವನು’ ಅಲ್ಲ, ಒಂದು ಮೆಟ್ಟಿಲು ಮೇಲಿನ ‘ಆತನು’.

ಮನುಷ್ಯರ ವಿಷಯ ಹಾಗಲ್ಲ. ಜರ್ಮನ್ನರು ಮನುಷ್ಯರನ್ನು ಮಾತನಾಡಿಸುವ ರೀತಿ ಸಾವಿರ ವರ್ಷಗಳಲ್ಲಿ ಹಲವು ಬಾರಿ ಬದಲಾಯಿತು. ಆರಂಭದಲ್ಲಿ ಎಲ್ಲರಿಗೂ ‘ಡು’. 9ನೆಯ ಶತಮಾನದಲ್ಲಿ ಓಟ್‌ಫ್ರಿಡ್ ಎಂಬ ಕವಿ-ಸನ್ಯಾಸಿ ತನ್ನ ಬಿಷಪ್‌ನನ್ನು ಬಹುವಚನದಲ್ಲಿ, ಅಂದರೆ ‘ಈರ್’ ಎಂದು, ಸಂಬೋಧಿಸಿ ಬರೆದಿದ್ದಾನೆ. ಇದು ರೋಮನ್ ಚಕ್ರವರ್ತಿಗಳ ಆಸ್ಥಾನದಿಂದ ಹರಡಿದ ರೂಢಿ. ದೊರೆ ತನ್ನನ್ನು ‘ನಾವು’ ಎಂದುಕೊಂಡರೆ ಪ್ರಜೆ ‘ನೀವು’ ಎನ್ನಲೇಬೇಕಷ್ಟೆ. ನಮ್ಮ ಮಠಾಧಿಪತಿಗಳು ಆಶೀರ್ವಚನದಲ್ಲಿ ‘ನಾವು’ ಎನ್ನುವುದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಕ್ಷಿಣ ಜರ್ಮನಿಯ ಹಳ್ಳಿಗಳಲ್ಲಿ ಹಿರಿಯರಿಗೆ ‘ಈರ್’ ಎನ್ನುವ ಪದ್ಧತಿ ಬಹುಕಾಲ ಉಳಿದಿತ್ತು. ಬಾಸೆಲ್ ಮಿಷನ್‌ನ ಅನೇಕ ಪಾದ್ರಿಗಳು ಆ ಕಡೆಯ ವುರ್ಟೆಂಬರ್ಗ್ ಸೀಮೆಯವರೇ.

17ನೆಯ ಶತಮಾನಕ್ಕೆ ‘ಈರ್’ ಸವೆಯಿತು. ಎಲ್ಲರಿಗೂ ಕೊಟ್ಟ ಗೌರವ ಯಾರಿಗೂ ಗೌರವವಲ್ಲ ಎಂಬಂತೆ, ಮೇಲಿನವರಿಗೆ ಹೊಸದೊಂದು ಬೇಕಾಯಿತು. ಎದುರಿಗೇ ಇರುವವರನ್ನು ಎದುರಿಗಿಲ್ಲದವರಂತೆ ಮಾತನಾಡಿಸುವ ಉಪಾಯ ಆಗ ಹುಟ್ಟಿತು. ‘ನೀವು ಬರುತ್ತೀರಾ?’ ಎಂಬುದರ ಬದಲು ‘ಅವನು ಬರುತ್ತಾನೆಯೆ?’ ಎಂದು ಕೇಳುವುದು; ‘ಅವನು’ ಎಂಬುದಕ್ಕೆ ಜರ್ಮನ್‌ನಲ್ಲಿ ‘ಏರ್’. ಅದೂ ಸಾಲದಾದಾಗ ‘ಅವರು ಬರುತ್ತಾರೆಯೆ?’ ಎಂಬುದು ಬಂತು. ಈ ‘ಅವರು’ ಎಂಬುದೇ ‘ಜೀ’. ಇಂದಿಗೂ ಜರ್ಮನ್‌ನಲ್ಲಿ ‘ಅವರು ಬರುತ್ತಾರೆ’ ಮತ್ತು ಗೌರವದ ‘ನೀವು ಬರುತ್ತೀರಿ’ ಎರಡೂ ‘ಜೀ ಕೊಮೆನ್’. ಕಿವಿಗೆ ವ್ಯತ್ಯಾಸವಿಲ್ಲ. ಬರೆಯುವಾಗ ಗೌರವದ ‘ಜೀ’ಗೆ ದೊಡ್ಡಕ್ಷರ ಹಾಕಬೇಕು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬುದೇ ಇಲ್ಲದ್ದರಿಂದ ನಮ್ಮ ವಿದ್ಯಾರ್ಥಿಗಳು ಇಲ್ಲಿ ಸುಲಭವಾಗಿ ಎಡವುತ್ತಾರೆ.

18ನೆಯ ಶತಮಾನದಲ್ಲಿ ನಾಲ್ಕೂ ರೂಪಗಳು ಒಟ್ಟಿಗೆ ಬಳಕೆಯಲ್ಲಿದ್ದವು. ‘ಏರ್’ ಅಷ್ಟರಲ್ಲಿ ಕೆಳಗಿಳಿದು ಆಳುಗಳಿಗೆ, ಕೆಳದರ್ಜೆಯವರಿಗೆ ಹೇಳುವ ಮಾತಾಗಿತ್ತು. 1740ರಿಂದ 1786ರವರೆಗೆ ಪ್ರಷ್ಯವನ್ನು ಆಳಿದ ಎರಡನೆಯ ಫ್ರೆಡರಿಕ್ ತನ್ನ ಕೈಕೆಳಗಿನವರನ್ನು ‘ಏರ್’ ಎಂದೇ ಕರೆಯುತ್ತಿದ್ದ. ಜಾನಪದ ಕಥೆಗಳಿಂದ ಪ್ರಸಿದ್ಧರಾದ ಗ್ರಿಮ್ ಸಹೋದರರಲ್ಲಿ ಹಿರಿಯನಾದ ಜೇಕಬ್ ಗ್ರಿಮ್‌ಗೆ ಈ ‘ಜೀ’ ಪದ್ಧತಿ ಹಿಡಿಸಲಿಲ್ಲ. ಅದು ಭಾಷೆಗೆ ಹತ್ತಿದ ಕಲೆ ಎಂಬುದು ಆ ವ್ಯಾಕರಣಕಾರನ ಅಭಿಪ್ರಾಯ. ಆದರೆ ವ್ಯಾಕರಣಕಾರರ ಮಾತನ್ನು ಜನ ಯಾವಾಗ ಕೇಳಿದ್ದಾರೆ?

ಜರ್ಮನ್ ಪಾಠದಲ್ಲಿ ವಿಚಿತ್ರವೆನಿಸುವ ಈ ತಿರುವು ಕನ್ನಡದಲ್ಲೇ ಇದೆ, ನಾವು ಗಮನಿಸಿಲ್ಲ. ‘ತಾನು’, ‘ತಾವು’ ಮೂಲತಃ ಎದುರಿಗಿರುವವರಿಗೆ ಹೇಳುವ ಪದಗಳಲ್ಲ. ‘ಅವನು ತಾನೇ ಮಾಡಿದ’, ‘ಅವರು ತಾವೇ ಬಂದರು’ ಎನ್ನುವಾಗ ಬರುವ ಪ್ರಥಮ ಪುರುಷದ ಪದಗಳು ಅವು. ಅವುಗಳಲ್ಲಿ ಬಹುವಚನವನ್ನು ಎತ್ತಿ ತಂದು, ‘ತಾವು ದಯಮಾಡಿ ಆಸೀನರಾಗಬೇಕು’ ಎಂದು ಎದುರಿಗಿರುವ ಒಬ್ಬರೇ ಅತಿಥಿಗೆ ಹೇಳುತ್ತೇವೆ. ಜರ್ಮನ್ನರು ‘ಜೀ’ ವಿಷಯದಲ್ಲಿ ಮಾಡಿದ್ದೂ ಬಹುಮಟ್ಟಿಗೆ ಇದೇ. ವ್ಯತ್ಯಾಸವೆಂದರೆ, ‘ತಾವು ಬಂದಿರಿ’ ಎಂದು ನಾವು ಕ್ರಿಯಾಪದವನ್ನು ಮಧ್ಯಮ ಪುರುಷಕ್ಕೆ ತಿರುಗಿಸಿಕೊಂಡೆವು. ಅವರು ‘ಅವರು ಬಂದರು’ ಎಂಬ ರೂಪದಲ್ಲೇ ಬಿಟ್ಟರು. ಅದಾದರೂ ನಮಗೆ ಅಪರಿಚಿತವೆ? ‘ಸ್ವಾಮಿಗಳು ಯಾವಾಗ ದಯಮಾಡಿಸಿದರು?’ ಎಂದು ಸ್ವಾಮಿಗಳನ್ನೇ ಕೇಳುವುದುಂಟು. ಅರಸೊತ್ತಿಗೆಯ ಮೈಸೂರಿನಲ್ಲಿ ‘ಮಹಾಸ್ವಾಮಿಯವರು’, ‘ಖಾವಂದರು’ ಎಂದು ಪ್ರಭುಗಳನ್ನು ಸಂಬೋಧಿಸುವಾಗ ಸರ್ವನಾಮವನ್ನೇ ಕೈಬಿಡಲಾಗುತ್ತಿತ್ತು. ಜರ್ಮನ್ ಆಸ್ಥಾನಗಳಲ್ಲೂ ಪದವಿಸೂಚಕ ಶಬ್ದವನ್ನು ಮುಂದಿಟ್ಟು, ಅದಕ್ಕೆ ಹೊಂದುವ ‘ಅವರು’ ಬಳಸಿದ್ದರಿಂದಲೇ ‘ಜೀ’ ಬಲಗೊಂಡಿತೆಂದು ಭಾಷಾತಜ್ಞರು ಹೇಳುತ್ತಾರೆ. ದೊಡ್ಡವರತ್ತ ನೇರವಾಗಿ ಬೆರಳು ಮಾಡಬಾರದು ಎಂಬ ಸಂಕೋಚ ಎರಡೂ ಕಡೆ ವ್ಯಾಕರಣವಾಯಿತು.

ಇಲ್ಲಿಯವರೆಗೆ ಎರಡು ಭಾಷೆಗಳೂ ಜೊತೆಜೊತೆಗೆ ನಡೆದಿವೆ. ಬೇರೆಯಾಗುವುದು ಮುಂದೆ.

ಅಮೆರಿಕದ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವೊಂದು ಯುರೋಪಿನ ಭಾಷೆಗಳ ಈ ಸರ್ವನಾಮಗಳನ್ನು ಎರಡು ತತ್ವಗಳಿಂದ ವಿವರಿಸುತ್ತದೆ: ಅಧಿಕಾರ ಮತ್ತು ಆಪ್ತತೆ. ಅಧಿಕಾರದ ಲೆಕ್ಕದಲ್ಲಿ ಮಾತು ಒಮ್ಮುಖ. ಯಜಮಾನ ಆಳಿಗೆ ‘ನೀನು’ ಎಂದರೆ ಆಳು ಯಜಮಾನನಿಗೆ ‘ನೀವು’ ಎನ್ನುತ್ತಾನೆ. ಆಪ್ತತೆಯ ಲೆಕ್ಕದಲ್ಲಿ ಮಾತು ಸರಿಸಮ. ಹತ್ತಿರದವರು ಪರಸ್ಪರ ‘ನೀನು’, ದೂರದವರು ಪರಸ್ಪರ ‘ನೀವು’. ಯುರೋಪು ಕ್ರಮೇಣ ಮೊದಲನೆಯದರಿಂದ ಎರಡನೆಯದಕ್ಕೆ ಸರಿಯಿತೆಂಬುದು ಅವರ ವಾದ. ಜರ್ಮನಿಯ ಮಟ್ಟಿಗೆ ಇದು ಮನೆಯೊಳಗೇ ಕಾಣುತ್ತದೆ. 18ನೆಯ ಶತಮಾನದಲ್ಲಿ ಅನುಕೂಲಸ್ಥ ಮನೆಗಳ ಮಕ್ಕಳು ತಂದೆ-ತಾಯಿಗೆ ‘ಜೀ’ ಎನ್ನುತ್ತಿದ್ದರು, ತಂದೆ-ತಾಯಿ ಮಕ್ಕಳಿಗೆ ‘ಡು’. 19ನೆಯ ಶತಮಾನದಲ್ಲಿ ಅದು ಕರಗಿ ಇಬ್ಬರೂ ‘ಡು’ ಆದರು. 1968ರ ವಿದ್ಯಾರ್ಥಿ ಚಳವಳಿಯ ನಂತರ ವಿಶ್ವವಿದ್ಯಾಲಯದ ಹುಡುಗರು ಮುಖಪರಿಚಯವಿಲ್ಲದ ಸಹಪಾಠಿಗೂ ‘ಡು’ ಎನ್ನತೊಡಗಿದರು. ಪಕ್ಕದ ಸ್ವೀಡನ್ ಅದೇ ಸುಮಾರಿನಲ್ಲಿ ಇನ್ನೂ ಮುಂದೆ ಹೋಗಿ ದೇಶಕ್ಕೆ ದೇಶವೇ ಏಕವಚನಕ್ಕೆ ಇಳಿಯಿತು. ಜರ್ಮನಿ ಅಷ್ಟು ದೂರ ಹೋಗಲಿಲ್ಲ. ಅಲ್ಲಿ ಪರಿಚಯವಿಲ್ಲದ ವಯಸ್ಕರೆಲ್ಲರೂ ಇಂದಿಗೂ ಪರಸ್ಪರ ‘ಜೀ’. ಶಾಲೆಯಲ್ಲಿ ಸುಮಾರು 16 ವರ್ಷ ತುಂಬಿ ಮೇಲಿನ ತರಗತಿಗಳಿಗೆ ಬಂದ ವಿದ್ಯಾರ್ಥಿಗಳಿಗೆ ಉಪಾಧ್ಯಾಯರೇ ‘ಜೀ’ ಎನ್ನತೊಡಗುತ್ತಾರೆ. ಪೊಲೀಸರಿಗೆ ‘ಡು’ ಎಂದು ಅವಮಾನದ ಮೊಕದ್ದಮೆ ಎದುರಿಸಿದವರೂ ಉಂಟು.

ಮೈಸೂರಿನ ವಿದ್ಯಾರ್ಥಿ ನಿಜವಾಗಿ ತಪ್ಪುವುದು ಈ ಕಾರಣದಿಂದ. ‘ಡು’ವನ್ನೂ ‘ಜೀ’ಯನ್ನೂ ಅವನು ಕನ್ನಡದ ತಕ್ಕಡಿಯಲ್ಲಿ ತೂಗುತ್ತಾನೆ. ಎದುರಿಗಿರುವವರು ನನಗಿಂತ ದೊಡ್ಡವರೋ ಚಿಕ್ಕವರೋ ಎಂದು ಕೇಳಿಕೊಳ್ಳುತ್ತಾನೆ. ಹೀಗಾಗಿ ಜರ್ಮನ್ ಸ್ನೇಹಿತನ ಮನೆಯಲ್ಲಿ ಸ್ನೇಹಿತ ತನ್ನ ತಾತನಿಗೆ ‘ಡು’ ಎನ್ನುವುದನ್ನು ಕೇಳಿ ಬೆಚ್ಚುತ್ತಾನೆ. ಹೋಟೆಲಿನಲ್ಲಿ ಊಟ ತಂದಿಡುವವನಿಗೆ, ಕಸ ಗುಡಿಸುವ ಹೆಂಗಸಿಗೆ, ಟ್ಯಾಕ್ಸಿಯವನಿಗೆ ತನಗೆ ಗೊತ್ತಿಲ್ಲದಂತೆಯೇ ‘ಡು’ ಎಂದುಬಿಡುತ್ತಾನೆ. ಅವರೆಲ್ಲರೂ ಅಲ್ಲಿ ‘ಜೀ’. ಅವರು ಮುಖ ಗಂಟಿಕ್ಕಿದಾಗ ಕಾರಣ ತಕ್ಷಣ ಹೊಳೆಯುವುದಿಲ್ಲ. ಏಕೆಂದರೆ ಇಲ್ಲಿ ಯಾರೂ ಹಾಗೆ ಮುಖ ಗಂಟಿಕ್ಕಿದ್ದನ್ನು ಅವನು ನೋಡಿಲ್ಲ.

ಮುಖ ಗಂಟಿಕ್ಕುವ ಅವಕಾಶ ಇಲ್ಲಿ ಇತ್ತೆ ಎಂಬುದು ಬೇರೆ ಮಾತು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಒಡೆಯರ ಮನೆಯ ಹತ್ತು ವರ್ಷದ ಹುಡುಗ ಅರುವತ್ತರ ಆಳನ್ನು ‘ನೀನು’ ಎನ್ನುತ್ತಿದ್ದ, ಆ ಮುದುಕ ಹುಡುಗನಿಗೆ ‘ಬುದ್ಧಿ’ ಎನ್ನುತ್ತಿದ್ದ. ವಯಸ್ಸಿಗೆ ಮರ್ಯಾದೆ ಎಂಬ ನಮ್ಮ ನಿಯಮ ಜಾತಿಯ ಗೆರೆಯ ಬಳಿ ಬಂದಾಗ ನಿಂತುಬಿಡುತ್ತಿತ್ತು. ಸಂಬೋಧನೆಯ ಒಂದು ಮಾತಿನಲ್ಲಿ ಸ್ವರ್ಗವೂ ನರಕವೂ ಇವೆಯೆಂದು 12ನೆಯ ಶತಮಾನದಲ್ಲೇ ಬಸವಣ್ಣನವರು ಹೇಳಿದ್ದರು. ಆದರೂ ದಲಿತರು ‘ನಮ್ಮನ್ನು ಬಹುವಚನದಲ್ಲಿ ಮಾತನಾಡಿಸಿ’ ಎಂದು ಕೇಳಬೇಕಾದ ಪರಿಸ್ಥಿತಿ ಎಂಟು ಶತಮಾನಗಳ ನಂತರವೂ ಇತ್ತು. ಪಟ್ಟಣದ ಮನೆಗಳಲ್ಲಿ ಪಾತ್ರೆ ತೊಳೆಯಲು ಬರುವ, ಮನೆಯೊಡತಿಗಿಂತ ಹಿರಿಯಳಾದ ಹೆಂಗಸು ಇಂದಿಗೂ ಬಹುಪಾಲು ‘ನೀನು’.

ಪತ್ರಿಕೆಗಳೂ ಈ ವಿಷಯದಲ್ಲಿ ಬೆನ್ನು ತಟ್ಟಿಕೊಳ್ಳುವಂತಿಲ್ಲ. ಸಚಿವರು ‘ಹೇಳಿದರು’, ಸರಗಳ್ಳ ‘ಸಿಕ್ಕಿಬಿದ್ದ’. ಆರೋಪಿಯ ಅಪರಾಧ ಸಾಬೀತಾಗುವುದು ನ್ಯಾಯಾಲಯದಲ್ಲಿ. ಆದರೆ ಬಹುವಚನ ಕಳೆದುಕೊಳ್ಳುವುದು ಠಾಣೆಯಲ್ಲೇ, ಮರುದಿನದ ವರದಿಯಲ್ಲೇ. ‘ಅವನು’ ಎಂದು ಬರೆಯಲು ಮುಜುಗರವಾದಾಗ ‘ಆತ’ ಎಂಬ ನಡುವಿನ ಪದ ಕೈಹಿಡಿಯುತ್ತದೆ. ಆರೋಪಿ ಮಾಜಿ ಸಚಿವರಾಗಿದ್ದರೆ ಮಾತ್ರ ‘ಅವರನ್ನು ಬಂಧಿಸಲಾಯಿತು’.

ಕನ್ನಡದ ಮನೆಗಳೂ ಬದಲಾಗದೆ ಉಳಿದಿಲ್ಲ. ಅಮ್ಮ ಎಂದಿನಿಂದಲೂ ಅನೇಕ ಮನೆಗಳಲ್ಲಿ ‘ನೀನು’. ‘ನೀವು’ ಆಗಿದ್ದ ಅಪ್ಪ ಈಗಿನ ಮಕ್ಕಳಿಗೆ ‘ನೀನು’ ಆಗುತ್ತಿದ್ದಾನೆ. ಗಂಡನ ಹೆಸರು ಹೇಳಲು ಅಂಜಿ ‘ರೀ’ ಎಂದೋ ‘ಅಂದ್ರೆ’ ಎಂದೋ ಕರೆಯುತ್ತಿದ್ದವರ ಮೊಮ್ಮಗಳು ಹೆಸರಿಡಿದು ‘ನೀನು’ ಎನ್ನುತ್ತಾಳೆ. ಅಜ್ಜಿಯಂದಿರಿಗೆ ಇದು ಸರಿಬೀಳುವುದಿಲ್ಲ. ಕಚೇರಿಗಳಲ್ಲಿ ಹೆಸರು ಹಿಡಿದು ಕರೆದರೂ ‘ನೀವು’ ಬಿಡದ ಪದ್ಧತಿ ಈಗ ಸಾಮಾನ್ಯ. ‘ರಮೇಶ್, ನೀವು ಬನ್ನಿ’ ಎಂಬ ಈ ಬಗೆಗೆ ಜರ್ಮನ್ನರಲ್ಲಿ ‘ಹ್ಯಾಂಬರ್ಗಿನ ಜೀ’ ಎಂಬ ಹೆಸರೇ ಇದೆ. ಅಲ್ಲಿ ಸಾಮಾನ್ಯ ಪದ್ಧತಿ ಕುಲನಾಮದಿಂದ ಕರೆಯುವುದು. ಮೈಸೂರಿನವರಿಗೆ ಇದರಿಂದ ಬರುವ ಫಜೀತಿ ಬೇರೆಯೇ. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗದಲ್ಲಿ ತಂದೆಯ ಹೆಸರಿದ್ದರೆ ಕಚೇರಿಯಲ್ಲಿ ಮಗನನ್ನು ‘ಹೆರ್ ಶ್ರೀನಿವಾಸಯ್ಯ’ ಎಂದು ಕರೆಯುತ್ತಾರೆ. ಅವನು ಅಪ್ಪ ಎಲ್ಲಿ ಎಂದು ಹಿಂದಿರುಗಿ ನೋಡುತ್ತಾನೆ.

ಆರಂಭದ ಪರೀಕ್ಷೆಯಲ್ಲಿ ಸುಮಾರು 30 ಪದಗಳ ಒಂದು ಪುಟ್ಟ ಪತ್ರ ಬರೆಯಬೇಕಾಗುತ್ತದೆ. ಕಚೇರಿಗಾದರೆ ‘ಜೀ’, ಗೆಳತಿಗಾದರೆ ‘ಡು’; ನಡುವೆ ಎಲ್ಲೂ ಹಳಿ ತಪ್ಪಬಾರದು. ‘ತೀರ್ಥರೂಪು ತಂದೆಯವರಿಗೆ’, ‘ಚಿರಂಜೀವಿ’ ಎಂಬ ಒಕ್ಕಣೆಗಳನ್ನು ನೋಡಿ ಬೆಳೆದ ಹಿರಿಯರಿಗೆ ಈ ಶಿಸ್ತು ಪರಿಚಿತವೇ. ಪತ್ರದಲ್ಲಿ ‘ಡು’ವನ್ನೂ ದೊಡ್ಡಕ್ಷರದಲ್ಲಿ ಬರೆಯುವ ಸಂಪ್ರದಾಯವನ್ನು 1996ರ ಕಾಗುಣಿತ ಸುಧಾರಣೆ ತೆಗೆದುಹಾಕಿತ್ತು. ಆತ್ಮೀಯರಿಗೆ ಬರೆಯುವಾಗಲೂ ಒಂದಿಷ್ಟು ಮರ್ಯಾದೆ ಬೇಡವೇ ಎಂದು ಜನ ತಕರಾರು ಎತ್ತಿದರು. 2006ರಲ್ಲಿ ಎರಡಕ್ಕೂ ಅನುಮತಿ ಸಿಕ್ಕಿತು.

‘ಜೀ’ಯಿಂದ ‘ಡು’ಗೆ ಇಳಿಯುವುದಕ್ಕೂ ಅಲ್ಲಿ ಒಂದು ಕ್ರಮವಿದೆ. ವಯಸ್ಸಿನಲ್ಲಿ ಅಥವಾ ಹುದ್ದೆಯಲ್ಲಿ ಹಿರಿಯರಾದವರೇ ಮೊದಲು ಬಾಯಿಬಿಟ್ಟು ‘ಇನ್ನು ಮುಂದೆ ಡು ಎನ್ನೋಣವೆ?’ ಎಂದು ಕೇಳಬೇಕು. ಕಿರಿಯರು ಕೇಳುವಂತಿಲ್ಲ. ಹಿಂದೆ ಇಬ್ಬರೂ ಮೊಣಕೈಗೆ ಮೊಣಕೈ ಹೆಣೆದು ಪಾನಪಾತ್ರೆ ಎತ್ತಿ ಇದನ್ನು ಮುಗಿಸುತ್ತಿದ್ದರು. ಒಮ್ಮೆ ‘ಡು’ ಎಂದ ಮೇಲೆ ಸಾಮಾನ್ಯವಾಗಿ ಹಿಂದಕ್ಕೆ ಹೋಗುವುದಿಲ್ಲ. ನಮ್ಮಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ‘ನೀವು’ ಎಂದು ಶುರುವಾದ ಪರಿಚಯ ಯಾವುದೋ ಒಂದು ದಿನ ಕಾಫಿ ಕುಡಿಯುತ್ತಿರುವಾಗ ತಾನಾಗಿಯೇ ‘ಹೋಗೋ ಬಾರೋ’ ಆಗಿರುತ್ತದೆ. ಹಿಂದಕ್ಕೂ ಹೋಗುತ್ತದೆ. ಇಪ್ಪತ್ತು ವರ್ಷದ ಗೆಳೆಯರಲ್ಲಿ ಒಬ್ಬ ಇದ್ದಕ್ಕಿದ್ದಂತೆ ತಣ್ಣಗೆ ‘ನೀವು ಹೇಳಿದ ಹಾಗೇ ಆಗಲಿ’ ಎಂದನೆಂದರೆ, ಇನ್ನೊಬ್ಬ ಎದ್ದು ಚಪ್ಪಲಿ ಹುಡುಕಬೇಕು.